‘ಟರ್ನ್ ಅ ಬ್ಲೈಂಡ್ ಐ’: ಕಣ್ತಪ್ಪಿದ್ದಕ್ಕೆ ಬಳಸಬಹುದೇ?

ಮೇಲಧಿಕಾರಿಯ ಇಮೇಲ್ ಕಣ್ತಪ್ಪಿ ಹೋಗಿದೆ, ‘ಐ ಟರ್ನ್ಡ್ ಅ ಬ್ಲೈಂಡ್ ಐ ಟು ಯುವರ್ ಮೇಲ್’ ಎಂದು ಬರೆಯಲೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಆ ಮಾತಿಗೆ ನಮ್ಮ ‘ಜಾಣಕುರುಡು’ ಎಂಬ ಅರ್ಥ. ನೋಡಿದ್ದೆ, ಬೇಕೆಂದೇ ಸುಮ್ಮನಿದ್ದೆ ಎಂದು ನೀವೇ ಒಪ್ಪಿಕೊಂಡಂತಾಗುತ್ತದೆ.

ಇದಕ್ಕೆ ಸಾಮಾನ್ಯವಾಗಿ ಜೋಡಿಸಿ ಹೇಳುವ ಕಥೆ ಕೇಳಿದರೆ ಅರ್ಥ ಮರೆಯುವುದಿಲ್ಲ. 1801ರ ಕೋಪನ್‌ಹೇಗನ್ ಕದನದಲ್ಲಿ ಬ್ರಿಟಿಷ್ ನೌಕಾಪಡೆಯ ಹಿರಿಯ ಅಡ್ಮಿರಲ್ ಹೈಡ್ ಪಾರ್ಕರ್, ಹೋರಾಟ ನಿಲ್ಲಿಸುವಂತೆ ಬಾವುಟದ ಸಂಕೇತ ಕೊಟ್ಟರು. ಅವರ ಕೈಕೆಳಗಿದ್ದ ನೌಕಾಧಿಕಾರಿ ನೆಲ್ಸನ್‌ಗೆ ಬಲಗಣ್ಣಿನ ದೃಷ್ಟಿ ಮೊದಲೇ ಹೋಗಿತ್ತು. ದುರ್ಬೀನನ್ನು ಅದೇ ಕಣ್ಣಿಗೆ ಹಿಡಿದು, ಸಂಕೇತ ಕಾಣಿಸುತ್ತಿಲ್ಲ ಎಂದು ಹೇಳಿ ಕಾದಾಟ ಮುಂದುವರಿಸಿದರಂತೆ.

ಹಾಗಾಗಿ ತಡೆಯಬೇಕಾದವರೇ ತಡೆಯದೆ ಬಿಟ್ಟಾಗ ಈ ಮಾತು ಚೆನ್ನಾಗಿ ಹೊಂದುತ್ತದೆ: ‘ದ ಟೀಚರ್ ಟರ್ನ್ಡ್ ಅ ಬ್ಲೈಂಡ್ ಐ ಟು ದ ಕಾಪಿಯಿಂಗ್.’ ಆಕ್ಷೇಪದ ಧಾಟಿಯೇ ಹೆಚ್ಚು, ಆದರೆ ಸಣ್ಣ ತಪ್ಪನ್ನು ಕರುಣೆಯಿಂದ ಬಿಟ್ಟುಬಿಟ್ಟರೂ ಹೀಗೆ ಹೇಳುವುದುಂಟು. ಮುಂದೆ ‘ಟು’ ಬರಬೇಕು. ‘ಐಸ್’ ಎಂದು ಬಹುವಚನ ಮಾಡಬೇಡಿ.

ಬದಲಿಗೆ ‘ಓವರ್‌ಲುಕ್’ ಬಳಸೋಣವೆಂದರೆ ಅದಕ್ಕೆ ಎರಡೂ ಅರ್ಥಗಳಿವೆ, ಬೇಕೆಂದು ಬಿಡುವುದು, ಗಮನಿಸದೆ ಬಿಡುವುದು. ನಿಮ್ಮ ಸಂದರ್ಭಕ್ಕೆ ‘ಸಾರಿ, ಐ ಮಿಸ್ಡ್ ಯುವರ್ ಮೇಲ್’ ಅಂತ ಬರೆಯಿರಿ, ಸಾಕು.