ಡೆಫರ್ಡ್ ಜಡ್ಜ್‌ಮೆಂಟ್ ಒಪ್ಪಿಕೊಂಡರೆ ಕೇಸು ಪೂರ್ತಿ ಹೋಗುತ್ತಾ?

ನಿಮ್ಮ ತಮ್ಮ ಅಮೆರಿಕದ ಕೊಲೊರಾಡೋ ರಾಜ್ಯದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅಂಗಡಿಯಿಂದ ದುಡ್ಡು ಕೊಡದೆ ಸಾಮಾನು ತಂದ ಅಂತ ಕೇಸಾಗಿದೆ. 'ಡೆಫರ್ಡ್ ಜಡ್ಜ್‌ಮೆಂಟ್ ತಗೋ, ವರ್ಷ ಕಳೆದರೆ ಕೇಸು ವಜಾ' ಅಂತ ವಕೀಲರು ಹೇಳಿದ್ದಾರೆ, ಒಪ್ಪಬಹುದಾ ಅಂತ ಕೇಳಿದ್ದೀರಿ. ಅವನು ವಿದ್ಯಾರ್ಥಿ ವೀಸಾದಲ್ಲಿ ಇದ್ದಾನೆ ಅಂತಲೂ ಬರೆದಿದ್ದೀರಿ. ಹಾಗಿದ್ದರೆ ಇಮಿಗ್ರೇಷನ್ ವಕೀಲರೊಬ್ಬರನ್ನು ಕೇಳುವ ತನಕ ದಯವಿಟ್ಟು ಏನಕ್ಕೂ ಸಹಿ ಹಾಕಿಸಬೇಡಿ.

ನಾನು ವಕೀಲನಲ್ಲ. ನನ್ನ ಚಿಕ್ಕಪ್ಪನ ಮಗನಿಗೆ ಅದೇ ರಾಜ್ಯದಲ್ಲಿ ಇಂಥದ್ದೇ ಕೇಸಾದಾಗ ಅವನ ಜೊತೆ ಕೋರ್ಟಿಗೆ ಓಡಾಡಿದವನು. ಆಗ ಕಲಿತಿದ್ದನ್ನು ಹೇಳುತ್ತೇನೆ.

ಡೆಫರ್ಡ್ ಜಡ್ಜ್‌ಮೆಂಟ್ ಅಂದರೆ ತೀರ್ಪನ್ನು ಮುಂದಕ್ಕೆ ಹಾಕುವುದು. ಆದರೆ ತಪ್ಪೊಪ್ಪಿಗೆ ಮುಂದಕ್ಕೆ ಹೋಗುವುದಿಲ್ಲ, ಅದು ಮೊದಲ ದಿನವೇ ಆಗಬೇಕು. 'ಹೌದು, ತಪ್ಪು ಮಾಡಿದ್ದೇನೆ' ಅಂತ ಜಡ್ಜ್ ಮುಂದೆ ಹೇಳಬೇಕು. ಜಡ್ಜ್ ಅದನ್ನು ದಾಖಲಿಸಿಕೊಂಡು, ಶಿಕ್ಷೆ ಕೊಡದೆ ಒಂದಷ್ಟು ಷರತ್ತು ಹಾಕಿ ಕಳಿಸುತ್ತಾರೆ. ನಷ್ಟ ತುಂಬಿಕೊಡುವುದು, ಸಮುದಾಯ ಸೇವೆ, ಮತ್ತೆ ಯಾವ ಕೇಸಿನಲ್ಲೂ ಸಿಕ್ಕಿಕೊಳ್ಳದೆ ಇರುವುದು, ಇಂಥವು. ಕೊಲೊರಾಡೋದಲ್ಲಿ ಈ ಅವಧಿ ಸಣ್ಣ ಅಪರಾಧಕ್ಕೆ ಹೆಚ್ಚೆಂದರೆ 2 ವರ್ಷ, ದೊಡ್ಡದಕ್ಕೆ 4 ವರ್ಷ. ಇದಕ್ಕೆ ಪ್ರಾಸಿಕ್ಯೂಟರ್, ಅಂದರೆ ಕೇಸು ನಡೆಸುವ ಸರ್ಕಾರಿ ವಕೀಲರ ಒಪ್ಪಿಗೆಯೂ ಬೇಕು. ಎಲ್ಲ ಷರತ್ತು ಪಾಲಿಸಿದರೆ ತಪ್ಪೊಪ್ಪಿಗೆ ವಾಪಸ್, ಕೇಸು ವಜಾ. ಷರತ್ತು ಮುರಿದರೆ ಮಾತ್ರ ಕಷ್ಟ. ಆಗ ವಿಚಾರಣೆ ಕೇಳುವ ಹಾಗಿಲ್ಲ, ಯಾಕೆಂದರೆ ತಪ್ಪು ಆಗಲೇ ಒಪ್ಪಿಕೊಂಡಾಗಿದೆ. ಷರತ್ತು ಮುರಿದಿದ್ದು ನಿಜವಾ ಅಂತಷ್ಟೇ ನೋಡಿ ಶಿಕ್ಷೆ ಹಾಕಬಹುದು.

ನಮ್ಮ ಭಾರತದಲ್ಲಿ 1958ರ ಪ್ರೊಬೇಷನ್ ಆಫ್ ಅಫೆಂಡರ್ಸ್ ಕಾಯ್ದೆಯ ಪ್ರಕಾರ ಮುಚ್ಚಳಿಕೆ ಬರೆಸಿಕೊಂಡು ಬಿಡುತ್ತಾರಲ್ಲ, ಅದರ ಹಾಗೇ ಕಾಣುತ್ತೆ. ಆದರೆ ನಮ್ಮ ಕಾಯ್ದೆಯಲ್ಲಿ ಮೊದಲು ಅಪರಾಧಿ ಅಂತ ತೀರ್ಮಾನವಾಗಿ, ಆಮೇಲೆ ಶಿಕ್ಷೆಯನ್ನು ತಡೆಹಿಡಿಯುತ್ತಾರೆ.

ಅಮೆರಿಕದ ನಾಗರಿಕನಿಗೆ ಇದು ನಿಜಕ್ಕೂ ಒಳ್ಳೆಯ ದಾರಿ. ವೀಸಾದಲ್ಲಿರುವ ಹುಡುಗನಿಗೆ ಹಾಗಲ್ಲ. ಅಮೆರಿಕದ ಇಮಿಗ್ರೇಷನ್ ಕಾನೂನಿಗೆ 1996ರಲ್ಲಿ ತಂದ ಬದಲಾವಣೆಯ ಪ್ರಕಾರ, ತಪ್ಪೊಪ್ಪಿಕೊಂಡು, ಮೇಲೆ ಏನಾದರೂ ಶಿಕ್ಷೆ ಅಥವಾ ನಿರ್ಬಂಧ ಹಾಕಿಸಿಕೊಂಡಿದ್ದರೆ ಇಮಿಗ್ರೇಷನ್ ಲೆಕ್ಕದಲ್ಲಿ ಅದು ಶಿಕ್ಷೆಯಾದ ಕೇಸೇ. ಕೊಲೊರಾಡೋ ಕೋರ್ಟು ಆಮೇಲೆ ವಜಾ ಮಾಡಿದರೂ ಅಷ್ಟೇ. ಒಂದು ಕಾಗದ 'ಕೇಸಿಲ್ಲ' ಅನ್ನುತ್ತೆ, ಇನ್ನೊಂದು ಇಲಾಖೆ 'ಇದೆ' ಅನ್ನುತ್ತೆ. ಕಳ್ಳತನದ ಕೇಸನ್ನಂತೂ ಅವರು ಹಗುರವಾಗಿ ನೋಡುವುದಿಲ್ಲ. ಮೊದಲ ಸಣ್ಣ ಕೇಸಿಗೆ ಕೆಲವೊಮ್ಮೆ ವಿನಾಯಿತಿ ಸಿಗಬಹುದು. ಕೇಸು ಹಾಕಿರುವ ಸೆಕ್ಷನ್‌ಗೆ ಎಷ್ಟು ಶಿಕ್ಷೆ ಹಾಕಬಹುದು ಅನ್ನುವುದರ ಮೇಲೂ ಅದು ನಿಲ್ಲುತ್ತೆ, ಆದ್ದರಿಂದ ಸೆಕ್ಷನ್ ನಂಬರ್ ಬರೆದಿಟ್ಟುಕೊಳ್ಳಿ.

'ನಮ್ಮ ವಕೀಲರೇ ಹೇಳಿದ್ದಾರಲ್ಲ' ಅಂತ ಸುಮ್ನೆ ಇರಬೇಡಿ. ಹೋಸೆ ಪಡಿಯಾ ಅನ್ನುವವರು ಅಲ್ಲಿ 40 ವರ್ಷಕ್ಕೂ ಜಾಸ್ತಿ ಇದ್ದವರು, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ದುಡಿದವರು. ಇಷ್ಟು ವರ್ಷ ಇಲ್ಲೇ ಇದ್ದೀರಿ, ಗಡೀಪಾರಿನ ಚಿಂತೆ ಬೇಡ ಅಂತ ಅವರ ವಕೀಲರು ಹೇಳಿದ್ದರಂತೆ. ನಂಬಿ ತಪ್ಪೊಪ್ಪಿಕೊಂಡರು, ಗಡೀಪಾರಿನ ಬಾಗಿಲಿಗೆ ಬಂದು ನಿಂತರು. 2010ರಲ್ಲಿ ಅವರ ಕೇಸಿನಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್, ತಪ್ಪೊಪ್ಪಿಗೆಯಿಂದ ಗಡೀಪಾರು ಆಗುವ ಅಪಾಯ ಇದ್ದರೆ ಕ್ರಿಮಿನಲ್ ವಕೀಲರು ಕಕ್ಷಿದಾರನಿಗೆ ಹೇಳಲೇಬೇಕು ಅಂದಿತು. ಅಂದರೆ ಅದನ್ನು ಕೇಳುವುದು ನಿಮ್ಮ ತಮ್ಮನ ಹಕ್ಕು. ಸಂಕೋಚ ಬೇಡ.

ಹಾಗಾದರೆ ಬೇರೆ ದಾರಿ ಏನು? ಡೈವರ್ಷನ್ ಅಂತ ಇನ್ನೊಂದಿದೆ. ತಪ್ಪೊಪ್ಪಿಗೆ ಇಲ್ಲದೆ ಷರತ್ತು ಮುಗಿಸಿದರೆ ಕೇಸು ಕೈಬಿಡುತ್ತಾರೆ. ಪ್ರಾಸಿಕ್ಯೂಟರ್ ಒಪ್ಪಬೇಕು, ಎಲ್ಲರಿಗೂ ಸಿಗುವುದಿಲ್ಲ. ಆದರೂ ಕೇಳಿಸಿ. ಅದರ ಕರಾರಿನಲ್ಲಿ 'ನಡೆದಿದ್ದು ನಿಜ' ಅಂತ ಒಪ್ಪುವ ಸಾಲು ಎಲ್ಲೂ ಇರಬಾರದು. ಇದ್ದರೆ ಮತ್ತೆ ಅದೇ ತೊಡಕು. ನಮ್ಮ ಹುಡುಗನ ಕರಾರಿನಲ್ಲಿ ಅಂಥ ಒಂದು ಸಾಲಿತ್ತು. ಇಮಿಗ್ರೇಷನ್ ವಕೀಲರು ಗುರುತು ಹಾಕಿ ತೆಗೆಸಿದರು. ನಾವಾಗಿದ್ದರೆ ಓದಿ ಮುಂದೆ ಹೋಗಿಬಿಡುತ್ತಿದ್ದೆವು.

ಯಾವ ದಾರಿ ಹಿಡಿದರೂ, ಬಂಧನ ಆಗಿದ್ದರೆ ಅದನ್ನು ಮುಚ್ಚಿಡಬೇಡಿ. ವೀಸಾ ಅರ್ಜಿಯಲ್ಲಿ ಯಾವತ್ತಾದರೂ ಬಂಧನ ಆಗಿದೆಯಾ ಅಂತಲೇ ಕೇಳುತ್ತಾರೆ. ಕೇಸು ಮುಗಿದ ತಕ್ಷಣ ಕೋರ್ಟಿನ ಆದೇಶದ ದೃಢೀಕೃತ ಪ್ರತಿ ನಾಲ್ಕೈದು ತೆಗೆಸಿಟ್ಟುಕೊಳ್ಳಿ. ದಾಖಲೆ ಸೀಲ್ ಮಾಡಿಸುವುದಿದ್ದರೆ (ಅಂದರೆ ಬೇರೆಯವರಿಗೆ ಕಾಣದ ಹಾಗೆ ಮುಚ್ಚಿಸುವುದಿದ್ದರೆ) ಅದಕ್ಕೂ ಮೊದಲೇ ತೆಗೆಸಿ, ಆಮೇಲೆ ಸಿಗುವುದು ಕಷ್ಟ. ನಮ್ಮ ಹುಡುಗ ಚೆನ್ನೈಗೆ ವೀಸಾ ಸಂದರ್ಶನಕ್ಕೆ ಹೋದಾಗ ಮೊದಲು ಕೇಳಿದ್ದೇ ಆ ಕಾಗದವನ್ನು.