ಚೌಕಾಸಿಯನ್ನು ತರಗತಿಯಲ್ಲಿ ಕಲಿಯಬಹುದೇ?

ಪ್ರಶ್ನೆ: ನಾನು ಧಾರವಾಡದಲ್ಲಿ ಎಂ.ಬಿ.ಎ. ಓದುತ್ತಿದ್ದೇನೆ. ಮುಂದಿನ ಸೆಮಿಸ್ಟರ್‌ನಲ್ಲಿ ಸಂಧಾನ ಕೌಶಲವನ್ನು ಐಚ್ಛಿಕ ವಿಷಯವಾಗಿ ಆಯ್ದುಕೊಳ್ಳುವ ಮನಸ್ಸಿದೆ. ಆದರೆ 30 ವರ್ಷಗಳಿಂದ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯುತ್ತಿರುವ ನಮ್ಮ ತಂದೆಯವರು, ‘ವ್ಯವಹಾರ ಪ್ಯಾಟ್ಯಾಗ ಕಲೀಬೇಕು, ಸಾಲ್ಯಾಗಲ್ಲ’ ಎನ್ನುತ್ತಾರೆ. ನನಗೆ ಸಂಕೋಚವೂ ಹೆಚ್ಚು. ಈ ವಿಷಯ ನನಗೆ ಒಗ್ಗುವುದೇ?
– ವಿದ್ಯಾರ್ಥಿನಿ, ಬ್ಯಾಡಗಿ ತಾಲ್ಲೂಕು

ಉತ್ತರ: ಖಂಡಿತ ಒಗ್ಗುತ್ತದೆ. ತಂದೆಯವರ ಅನುಭವ ದೊಡ್ಡದು. ಆದರೆ ಕೊಳ್ಳುವವರು ಇನ್ನೆಷ್ಟು ಕೊಡಲು ಸಿದ್ಧರಿದ್ದರು ಎಂಬುದನ್ನು ಪೇಟೆ ಅವರಿಗೆ ಒಮ್ಮೆಯೂ ತಿಳಿಸಿರಲಾರದು. ತರಗತಿಯಲ್ಲಿ ಅದು ತಿಳಿಯುತ್ತದೆ. ಅಲ್ಲಿ ವಿದ್ಯಾರ್ಥಿಗಳು ಜೋಡಿಜೋಡಿಯಾಗಿ ಮಾರುವವರ ಮತ್ತು ಕೊಳ್ಳುವವರ ಪಾತ್ರ ವಹಿಸುತ್ತಾರೆ. ಹಳೆಯ ಟ್ರ್ಯಾಕ್ಟರ್ ಒಂದರ ಮಾರಾಟವೆಂದುಕೊಳ್ಳಿ: 4 ಲಕ್ಷಕ್ಕಿಂತ ಕಡಿಮೆಗೆ ಕೊಡಬಾರದೆಂದು ಮಾರುವವರಿಗೆ, 5 ಲಕ್ಷ ಮೀರಬಾರದೆಂದು ಕೊಳ್ಳುವವರಿಗೆ ಗುಟ್ಟಾಗಿ ಚೀಟಿ ಕೊಡುತ್ತಾರೆ. ಎಲ್ಲ ಜೋಡಿಗಳೂ ಮಾತು ಮುಗಿಸಿದ ಮೇಲೆ ಚೀಟಿಗಳನ್ನು ಬಿಚ್ಚಿ, ಕುದುರಿದ ಬೆಲೆಗಳನ್ನು ಹಲಗೆಯ ಮೇಲೆ ಬರೆದಾಗ, ಯಾರು ಮೊದಲು ಹೇಳಿದ ಅಂಕಿ ಮಾತನ್ನು ಎತ್ತ ಎಳೆಯಿತು, ಯಾರು ಕೇಳದೆಯೇ ಬಿಟ್ಟುಕೊಟ್ಟರು ಎಂಬುದೆಲ್ಲ ಕಣ್ಣಿಗೆ ಕಾಣುತ್ತದೆ.

ಸಂಕೋಚ ಅಡ್ಡಿಯಲ್ಲ, ಏಕೆಂದರೆ ಸಂಧಾನದ ಬಹುಪಾಲು ಕೆಲಸ ಬಾಯಿ ತೆರೆಯುವ ಮೊದಲೇ ನಡೆಯುತ್ತದೆ. ನಿಮ್ಮ ಬ್ಯಾಡಗಿಯನ್ನೇ ನೋಡಿ. ಅಲ್ಲಿ ಖರೀದಿದಾರರು ಲಾಟ್ ನೋಡಿ ಟೆಂಡರ್‌ನಲ್ಲಿ ದರ ನಮೂದಿಸುತ್ತಾರೆ; ಚೌಕಾಸಿಯ ಮಾತಿಗೆ ಎಡೆಯೇ ಕಡಿಮೆ. ರೈತರ ಕೈಯಲ್ಲಿರುವುದು ಆ ದರವನ್ನು ಒಪ್ಪುವ ಅಥವಾ ಒಲ್ಲೆನೆನ್ನುವ ಹಕ್ಕು. ಚೀಲಗಳನ್ನು ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು ಕಾಯಬಲ್ಲವರು ಒಲ್ಲೆನೆನ್ನಬಹುದು, ಅದೇ ವಾರ ಸಾಲ ತೀರಿಸಬೇಕಾದವರಿಗೆ ಆ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ. ಒಪ್ಪಂದ ಕುದುರದಿದ್ದರೆ ನಮಗೆ ಉಳಿಯುವ ಅತ್ಯುತ್ತಮ ದಾರಿಯನ್ನೇ ಅಮೆರಿಕದ ಸಂಧಾನ ತಜ್ಞರಾದ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ 1981ರಲ್ಲಿ ‘ಬ್ಯಾಟ್ನಾ’ ಎಂದು ಕರೆದರು. ಅದನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕುವುದು ಕಠಿಣ: ಸಂಗ್ರಹದ ಬಾಡಿಗೆ, ಸಾಲದ ಬಡ್ಡಿ, ದರ ಇನ್ನೂ ಇಳಿಯುವ ಸಂಭವ, ಇವನ್ನೆಲ್ಲ ಕಳೆದ ಮೇಲೂ ಕಾಯುವುದು ಲಾಭವೇ ಎಂದು ನೋಡಬೇಕಾಗುತ್ತದೆ. ಇಂಥ ಲೆಕ್ಕಕ್ಕೆ ಮಾತುಗಾರರಿಗಿಂತ ತಾಳ್ಮೆಯುಳ್ಳವರೇ ಹೆಚ್ಚು ಒಗ್ಗುತ್ತಾರೆ.

ಹೆಸರು ನೋಂದಾಯಿಸುವ ಮೊದಲು ಅಧ್ಯಾಪಕರನ್ನು ಒಂದು ಮಾತು ಕೇಳಿ: ವಾರವಾರ ಅಭ್ಯಾಸ ಮತ್ತು ಅದರ ಚರ್ಚೆ ಇರುತ್ತದೆಯೇ? ಬರಿಯ ಉಪನ್ಯಾಸ ಮತ್ತು ಲಿಖಿತ ಪರೀಕ್ಷೆಯಷ್ಟೇ ಇದ್ದರೆ ಬೇರೆ ವಿಷಯ ಆಯ್ದುಕೊಳ್ಳುವುದೇ ಲೇಸು. ಅಭ್ಯಾಸವಿದ್ದರೆ ಸೇರಿರಿ, ಮುಂದಿನ ಸುಗ್ಗಿಯಲ್ಲಿ ಚೀಲಗಳು ಮಾರುಕಟ್ಟೆಗೆ ಹೊರಡುವ ಮುನ್ನ ತಂದೆಯವರ ಜೊತೆ ಕುಳಿತು, ಎಷ್ಟಕ್ಕಿಂತ ಕೆಳಗೆ ಒಲ್ಲೆನೆನ್ನಬೇಕೆಂಬ ಅಂಕಿಯನ್ನು ಇಬ್ಬರೂ ಸೇರಿ ಬರೆದಿಡಿ.