ಓಟದ ಮಾತು: ಮಳೆಗಾಲ ಬಂತು, ಓಟ ನಿಲ್ಲಿಸಬೇಕಾ?

ಓಟ, ನಡಿಗೆ, ಆಟದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಉಡುಪಿಯ ನಿವೃತ್ತ ದೈಹಿಕ ಶಿಕ್ಷಕಿಯ ಉತ್ತರ

ಪ್ರಶ್ನೆ: ಟೀಚರ್, ನನಗೆ 38 ವರ್ಷ. ಬ್ಯಾಂಕಿನಲ್ಲಿ ಕೆಲಸ. ಕಳೆದ ಚಳಿಗಾಲದಲ್ಲಿ ಓಡಲು ಶುರು ಮಾಡಿದೆ. ಬೆಳಿಗ್ಗೆ ಮಣಿಪಾಲದ ಎಂಡ್ ಪಾಯಿಂಟ್‌ಗೆ ಹೋಗಿ ಮರಗಳ ನಡುವಿನ ಮಣ್ಣಿನ ದಾರಿಯಲ್ಲಿ ಅರ್ಧ ಗಂಟೆ ಓಡುತ್ತೇನೆ. ಈಗ ದಾರಿ ಪೂರ್ತಿ ಕೆಸರು. ನಿಜ ಹೇಳಬೇಕೆಂದರೆ ನನಗೆ ಅದರಲ್ಲಿ ಓಡುವುದೇ ಹೆಚ್ಚು ಖುಷಿ. ಆದರೆ ಮನೆಯಲ್ಲಿ ಯಾರಿಗೂ ಇಷ್ಟ ಇಲ್ಲ. ಜಾರಿ ಬಿದ್ದು ಕಾಲು ಮುರಿದುಕೊಳ್ಳುತ್ತಿ, ಇಲಿ ಜ್ವರ ಬೇರೆ ಬರುತ್ತದೆ ಅಂತ ಅತ್ತೆ ಹೇಳುತ್ತಾರೆ. ಮಳೆ ಮುಗಿಯುವವರೆಗೆ ಜಿಮ್‌ಗೆ ಹೋಗಿ ಟ್ರೆಡ್‌ಮಿಲ್ ಮೇಲೆ ಓಡು ಅಂತಾರೆ ಇವರು. ಏನು ಮಾಡಲಿ?
— ಓದುಗಿ, ಪರ್ಕಳ

ಉತ್ತರ: ಖಂಡಿತ ಓಡಿ. ಅದೇ ದಾರಿಯಲ್ಲಿ ಓಡಿ. ಕೆಸರಲ್ಲಿ ಖುಷಿಯಾಗುತ್ತದೆ ಅಂತ ನೀವೇ ಬರೆದಿದ್ದೀರಿ, ಅಲ್ವಾ? ಆ ಖುಷಿ ಸಣ್ಣ ವಿಷಯ ಅಲ್ಲ. ಶಾಲೆಯಲ್ಲಿ ಮಕ್ಕಳನ್ನು ಓಡಿಸುತ್ತಾ ಬಂದವಳು ನಾನು. ಓಟ ಬಿಟ್ಟವರಲ್ಲಿ ಹೆಚ್ಚಿನವರು ಕಾಲು ನೋವಿಗೆ ಬಿಟ್ಟದ್ದಲ್ಲ, ಬೇಜಾರು ಬಂದು ಬಿಟ್ಟದ್ದು.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಮಳೆ ಬಿಡಲಿ ಅಂತ ಕಾದು ಕೂತರೆ ವರ್ಷದ ಮೂರನೇ ಒಂದು ಪಾಲು ಹೋಯಿತು. ಹೋಗುವುದು ಕೂಡ ಒಳ್ಳೆಯ ಪಾಲೇ. ಏಪ್ರಿಲ್‌ ಸೆಕೆಯಲ್ಲಿ ಬೆಳಿಗ್ಗೆ ಆರೂವರೆಗೇ ಅಂಗಿ ಮೈಗೆ ಅಂಟುತ್ತದೆ. ಜುಲೈಯಲ್ಲಿ ಮೈ ಬಿಸಿಯಾದಷ್ಟೂ ಮಳೆಯೇ ತಂಪು ಮಾಡುತ್ತದೆ. ಗುಡುಗು ಸಿಡಿಲಿನ ಕಾಟವೂ ನಮ್ಮಲ್ಲಿ ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನಲ್ಲಿ ಜಾಸ್ತಿ, ನಡು ಮಳೆಗಾಲದಲ್ಲಿ ಕಡಿಮೆ. ಆದರೂ ಎಂಡ್ ಪಾಯಿಂಟ್ ಎತ್ತರದ, ಬಯಲು ಜಾಗ. ಒಂದು ಗುಡುಗು ಕೇಳಿದರೂ ವಾಪಸ್ ಬಂದುಬಿಡಿ. ಮರದ ಕೆಳಗೆ ನಿಲ್ಲಬೇಡಿ.

ನಿಮ್ಮ ದಾರಿ ನನಗೂ ಗೊತ್ತು. ಬೇಸಿಗೆಯಲ್ಲಿ ಅಲ್ಲಿ ನಿಂತರೆ ಮೂಡಣ ದಿಕ್ಕು ಮಸುಕು ಮಸುಕು. ಮಳೆ ಸ್ವಲ್ಪ ಹೊಳವಾಗುವಾಗ ನೋಡಬೇಕು. ಘಟ್ಟದ ಸಾಲು ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ. ಕೆಳಗೆ ಸ್ವರ್ಣಾ ನದಿ ಕೆಂಪು ನೀರು ತುಂಬಿಕೊಂಡು ಹೋಗುತ್ತಿರುತ್ತದೆ. ಎಲ್ಲೋ ಗೇರು ಮರಗಳ ಆಚೆ ನವಿಲು ಕೂಗುತ್ತದೆ. ಆಗಸ್ಟ್ ಹೊತ್ತಿಗೆ ನಮ್ಮ ಕಡೆಯ ಮುರಕಲ್ಲಿನ, ಅಂದರೆ ಕೆಂಪು ಕಲ್ಲಿನ, ಪಾದೆಗಳ (ಬಂಡೆ ಹಾಸುಗಳ) ಮೇಲೆ, ಬೆರಳುಗುರಿನಷ್ಟು ನೀರು ನಿಂತ ಕಡೆ, ಸಣ್ಣ ನೀಲಿ ಹೂಗಳು ಹಾಸಿದ ಹಾಗೆ ಅರಳುತ್ತವೆ. ಅದು ಯುಟ್ರಿಕ್ಯುಲೇರಿಯಾ. ಬೇರಿನ ಹಾಗೆ ಕಾಣುವ ಎಳೆಗಳಲ್ಲಿರುವ ಸಣ್ಣ ಸಣ್ಣ ಚೀಲಗಳಲ್ಲಿ ನೀರಿನ ಕ್ರಿಮಿಗಳನ್ನು ಹಿಡಿದು ತಿನ್ನುವ ಗಿಡ. ಪಾದೆಯ ಮಣ್ಣಲ್ಲಿ ಸಾರ ಇಲ್ಲ, ಅದಕ್ಕೆ ಈ ಉಪಾಯ. ಅಂಥದ್ದು ಕಂಡರೆ ಓಟ ನಿಲ್ಲಿಸಿ, ಕುಕ್ಕರಗಾಲಲ್ಲಿ ಕೂತು ನೋಡಿ. ಸುಮ್ನೆ ತುಳಿದುಕೊಂಡು ಹೋಗಬೇಡಿ. ಇದನ್ನೆಲ್ಲ ಯಾವ ಜಿಮ್ ಕೊಡುತ್ತದೆ?

ಈಗ ನಿಮ್ಮ ಅತ್ತೆಯ ಮೊದಲ ಭಯಕ್ಕೆ ಬರುತ್ತೇನೆ. ನಮ್ಮ ಊರಿನ ದಾರಿಗಳಲ್ಲಿ ಬೀಳಿಸುವುದು ಕೆಸರಲ್ಲ, ಕಲ್ಲು. ಕೆಂಪು ಕೆಸರು ಜಾರಿದರೂ ಕಾಲು ಎಲ್ಲೋ ಒಂದು ಕಡೆ ಹೂತು ನಿಲ್ಲುತ್ತದೆ. ಬಿದ್ದರೂ ಮೆತ್ತಗೆ ಬೀಳುತ್ತೀರಿ. ಆದರೆ ಆ ಕೆಸರಿನ ನಡುವೆ ಮುರಕಲ್ಲು ತಲೆ ಎತ್ತಿರುತ್ತದಲ್ಲ, ಅಲ್ಲಿ ಜಾಗ್ರತೆ ಬೇಕು. ಬೇಸಿಗೆಯಲ್ಲಿ ಅದರ ಮೇಲೆ ಕಪ್ಪು ಸಿಪ್ಪೆ ಕಟ್ಟಿದ ಹಾಗೆ ಕಾಣುತ್ತದೆ. ಮುಟ್ಟಿದರೆ ಒರಟು. ಅದು ಒಣಗಿದ ಪಾಚಿ. ಮಳೆ ಬಿದ್ದ ನಾಲ್ಕೈದು ದಿನದಲ್ಲಿ ಅದಕ್ಕೆ ಜೀವ ಬಂದು ಲೋಳೆಯಾಗುತ್ತದೆ. ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದದ್ದು ಇಷ್ಟೇ: ಕಪ್ಪು ಕಂಡಲ್ಲಿ ನಡೆ, ಕೆಂಪು ಕಂಡಲ್ಲಿ ಓಡು. ಜನ ತುಳಿದು ತುಳಿದು ಕೆಂಪಗೆ ತೂತು ತೂತಾಗಿ ಕಾಣುವ ಕಲ್ಲು ಒದ್ದೆಯಾದರೂ ಕಾಲು ಹಿಡಿಯುತ್ತದೆ. ಹಾಗೆಯೇ ಅಡ್ಡ ಹಾದ ಮರದ ಬೇರು ತುಳಿಯಬೇಡಿ, ದಾಟಿ. ಅಕೇಶಿಯಾ ಮರದ ಒದ್ದೆ ತರಗೆಲೆ ದಪ್ಪ ಬಿದ್ದ ಕಡೆಯೂ ನಿಧಾನ. ಜಾರುವುದಕ್ಕಿಂತ ಹೆಚ್ಚಾಗಿ ಅದರ ಅಡಿಯಲ್ಲಿ ಏನಿದೆ ಅಂತ ಕಾಣುವುದಿಲ್ಲ. ಹಾವು ಮಲಗಿರಬಹುದು, ಅದಕ್ಕೆ ಬೆಳಕು ಸರಿಯಾಗಿ ಹರಿದ ಮೇಲೆಯೇ ಹೊರಡಿ.

ಹೆಜ್ಜೆ ಸಣ್ಣದಿರಲಿ. ಪಾದ ಮುಂದೆ ಚಾಚಿ ಹಿಮ್ಮಡಿ ಊರಿದರೆ ಸರ್ರನೆ ಜಾರುತ್ತದೆ. ಪಾದ ಸೊಂಟದ ನೇರ ಕೆಳಗೆ ಬೀಳಬೇಕು. ಕೈ ಸ್ವಲ್ಪ ಅಗಲ ಹಿಡಿಯಿರಿ. ಕಣ್ಣು ಕಾಲಿನ ಮೇಲೆ ಬೇಡ, ಮೂರು ನಾಲ್ಕು ಹೆಜ್ಜೆ ಮುಂದೆ ಇರಲಿ. ಇಳಿಜಾರಿನಲ್ಲಿ ಹಿಂದಕ್ಕೆ ವಾಲಬೇಕು ಅನ್ನಿಸುತ್ತದೆ, ವಾಲಬೇಡಿ. ಮೊಣಕಾಲು ಬಗ್ಗಿಸಿ ಸಣ್ಣ ಸಣ್ಣ ಹೆಜ್ಜೆಯಲ್ಲಿ ಇಳಿಯಿರಿ. ವಾಚಿನಲ್ಲಿ ಕಿಲೋಮೀಟರ್ ಲೆಕ್ಕ ನೋಡುವ ಅಭ್ಯಾಸ ಇದ್ದರೆ ಮಳೆಗಾಲ ಮುಗಿಯುವವರೆಗೆ ಬಿಡಿ. ಅರ್ಧ ಗಂಟೆ ಅಂದರೆ ಅರ್ಧ ಗಂಟೆ, ದೂರ ಎಷ್ಟಾದರೂ ಆಗಲಿ. ಮೆತ್ತಗಿನ ನೆಲ ಮೊಣಕಾಲಿಗೆ ಹಿತ. ಆದರೆ ಮೀನಖಂಡಕ್ಕೂ ಹಿಮ್ಮಡಿಯ ನರಕ್ಕೂ ಕೆಲಸ ಜಾಸ್ತಿ. ಮೊದಲ ವಾರ ಸ್ವಲ್ಪ ಕಮ್ಮಿಯೇ ಓಡಿ.

ಹೊಂಡ ಬಂದರೆ? ದಿನಾ ಓಡುವ, ಆಳ ಗೊತ್ತಿರುವ ದಾರಿಯಾದರೆ ನೀರಿನ ನಡುವೆಯೇ ಚಪ ಚಪ ಅಂತ ಹೋಗಿ. ಎಲ್ಲರೂ ಬದಿಯಿಂದ ಸುತ್ತಿ ಹೋದರೆ ಅಂಚಿನ ಹುಲ್ಲು ಸಾಯುತ್ತದೆ, ದಾರಿ ಅಗಲವಾಗುತ್ತದೆ, ಮುಂದಿನ ಮಳೆಗೆ ಆ ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಈ ವಿಷಯದಲ್ಲಿ ನನಗೆ ಹಟ ಇದೆ. ನಮಗೆ ಇಷ್ಟು ಖುಷಿ ಕೊಡುವ ದಾರಿಯನ್ನು ಶೂ ಒದ್ದೆಯಾಗುತ್ತದೆ ಅಂತ ಹಾಳು ಮಾಡಬಾರದು. ಆದರೆ ಗುರುತಿಲ್ಲದ ಗುಡ್ಡದಲ್ಲಿ ನಿಂತ ನೀರಿಗೆ ಕಾಲಿಡಲೇಬೇಡಿ. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಕೆಂಪು ಕಲ್ಲು ತೆಗೆದು ಹಾಗೇ ಬಿಟ್ಟ ಕೋರೆಗಳಿವೆ. ಮಳೆಗಾಲದಲ್ಲಿ ತುಂಬಿದರೆ ಅಂಚೂ ಕಾಣುವುದಿಲ್ಲ, ಆಳವೂ ಗೊತ್ತಾಗುವುದಿಲ್ಲ.

ಇಲಿ ಜ್ವರದ ವಿಷಯದಲ್ಲಿ ನಿಮ್ಮ ಅತ್ತೆ ಹೇಳುವುದರಲ್ಲಿ ಹುರುಳಿದೆ. ಲೆಪ್ಟೋಸ್ಪೈರಾ ಅನ್ನುವ ರೋಗಾಣು ಇಲಿ, ದನ, ನಾಯಿಗಳ ಮೂತ್ರದಿಂದ ಕೆಸರು ನೀರಿಗೆ ಸೇರುತ್ತದೆ. ಚರ್ಮದಲ್ಲಿ ಗಾಯ ಇದ್ದರೆ ಅಲ್ಲಿಂದ ಮೈಯೊಳಗೆ ಹೋಗುತ್ತದೆ. ಕಣ್ಣು, ಬಾಯಿಯಿಂದಲೂ ಹೋಗಬಹುದು. ಹಾಗಾಗಿ ಕಾಲಲ್ಲಿ ಹಸಿ ಗಾಯ, ಬಿರುಕು ಬಿಟ್ಟ ಹಿಮ್ಮಡಿ, ಶೂ ಕಚ್ಚಿದ ಗುಳ್ಳೆ ಇದ್ದ ದಿನ ಕೆಸರು ಬೇಡ. ಡಾಂಬರು ರಸ್ತೆಯಲ್ಲಿ ಓಡಿ. ಮನೆಗೆ ಬಂದ ಕೂಡಲೇ ಮೊದಲು ಕಾಲು, ಆಮೇಲೆ ಕಾಫಿ. ಸೋಪು ಹಾಕಿ ತೊಳೆದು ಬೆರಳಿನ ಸಂದಿ ಸಂದಿಯೂ ಒಣ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಕೆಸರುಹುಣ್ಣಾಗುತ್ತದೆ. ನೇಜಿ ನೆಡುವ ಕಾಲದಲ್ಲಿ ನನ್ನ ಅಮ್ಮ ಪಾದಕ್ಕೆ ಮದರಂಗಿ ಹಚ್ಚಿಕೊಳ್ಳುತ್ತಿದ್ದರು. ನಾನು ಓಟಕ್ಕೆ ಮೊದಲು ಬೆರಳ ಸಂದಿಗೆ ತೆಂಗಿನೆಣ್ಣೆ ಸವರುತ್ತೇನೆ. ಹತ್ತಿಯ ಕಾಲುಚೀಲ ನೀರು ಕುಡಿದು ಭಾರವಾಗುತ್ತದೆ. ಬೇಗ ಒಣಗುವ ನೈಲಾನ್ ಬೆರೆತದ್ದು ತೆಗೆದುಕೊಳ್ಳಿ.

ಇದೊಂದನ್ನು ದಯವಿಟ್ಟು ಮರೆಯಬೇಡಿ. ಇಲಿ ಜ್ವರದ ದೊಡ್ಡ ಗುರುತು ಜ್ವರದ ಜೊತೆ ಮೈಕೈ ನೋವು, ಅದರಲ್ಲೂ ಮೀನಖಂಡದ ನೋವು. ಓಡುವವರು ಅದನ್ನು ಓಟದ ನೋವು ಅಂದುಕೊಂಡು ಬಿಟ್ಟುಬಿಡುವ ಅಪಾಯ ಇದೆ. ಓಟದ ನೋವಿಗೆ ಜ್ವರ ಬರುವುದಿಲ್ಲ. ಕೆಸರಲ್ಲಿ ಓಡಿದ ಒಂದೆರಡು ವಾರದಲ್ಲಿ, ಕೆಲವೊಮ್ಮೆ ತಿಂಗಳೊಳಗೆ, ಜ್ವರ, ತಲೆನೋವು, ಕಣ್ಣು ಕೆಂಪಾಗುವುದು ಕಂಡರೆ ಪ್ಯಾರಾಸಿಟಮಾಲ್ ನುಂಗಿ ಮನೆಯಲ್ಲಿ ಕೂರಬೇಡಿ. ಅದೇ ದಿನ ಡಾಕ್ಟರ ಹತ್ತಿರ ಹೋಗಿ, 'ನಾನು ಕೆಸರಲ್ಲಿ ಓಡಿದ್ದೇನೆ' ಅಂತ ನೀವಾಗಿಯೇ ಹೇಳಿ. ಬೇಗ ಗೊತ್ತಾದರೆ ಇದಕ್ಕೆ ಒಳ್ಳೆಯ ಮದ್ದಿದೆ. ತಡವಾದರೆ ಕಿಡ್ನಿ, ಲಿವರ್‌ವರೆಗೆ ಹೋಗುತ್ತದೆ.

ಒಂದು ದಿನ ಮಳೆ ಬಿಟ್ಟಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ಅವರು ನಿಧಾನ ನಡೆಯಲಿ, ನೀವು ಓಡಿ. ಅವರು ಚಿಕ್ಕಂದಿನಲ್ಲಿ ಗದ್ದೆಯ ಹುಣಿಯಲ್ಲಿ (ಬದುವಿನ ಮೇಲೆ) ಶಾಲೆಗೆ ಹೋದವರೇ ಆಗಿದ್ದರೆ ನನಗಿಂತ ಹೆಚ್ಚು ಅವರೇ ನಿಮಗೆ ಹೇಳಿಕೊಟ್ಟಾರು.

ಪ್ರಶ್ನೆ: ಕಂಬಳದಲ್ಲಿ ಓಡಿಸುವವರು ಬರಿಗಾಲಲ್ಲೇ ಅಷ್ಟು ಜೋರಾಗಿ ಓಡುತ್ತಾರೆ. ನಾನೂ ಮಳೆಗಾಲದಲ್ಲಿ ಪಾರ್ಕಿನ ಕೆಸರಲ್ಲಿ ಬರಿಗಾಲಲ್ಲಿ ಓಡಬಹುದಾ?
— ಕಾಲೇಜು ವಿದ್ಯಾರ್ಥಿ, ಸುರತ್ಕಲ್

ಉತ್ತರ: ಕಂಬಳ ನೋಡಿ ಓಡುವ ಆಸೆ ಬಂತು ಅಂದದ್ದು ಕೇಳಿ ಸಂತೋಷವಾಯಿತು ಮಗಾ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶಕ್ಕೆಲ್ಲ ಗೊತ್ತಾಯಿತು. ಅಲ್ಲಿ ಕೋಣಗಳ ಎಳೆತವೂ ಸೇರಿದೆ ಅನ್ನುವುದು ನಿಜ. ಆದರೆ ಆ ವೇಗಕ್ಕೆ ಕೆಸರಲ್ಲಿ ಕಾಲು ಹೊಂದಿಸುವುದು ಸಣ್ಣ ವಿದ್ಯೆ ಅಲ್ಲ. ಮುಂದಿನ ಸಲ ಹೋದಾಗ ಅವರ ಪಾದವನ್ನೇ ನೋಡು. ಹಿಮ್ಮಡಿ ಊರುವುದು ಬಹಳ ಕಮ್ಮಿ, ಕೆಸರಿನಿಂದ ಕಾಲು ಮೇಲಕ್ಕೆ ಕಿತ್ತುಕೊಂಡೇ ಮುಂದೆ ಹೋಗುತ್ತಾರೆ.

ಆದರೆ ಕಂಬಳದ ಕರೆ, ಅಂದರೆ ಕೋಣ ಓಡಿಸುವ ಕೆಸರು ಗದ್ದೆ, ಬೇರೆ, ಪಾರ್ಕಿನ ದಾರಿ ಬೇರೆ. ಕರೆಯನ್ನು ಉತ್ತು, ಕಲ್ಲು ಆರಿಸಿ, ಹದ ಮಾಡಿರುತ್ತಾರೆ. ಪಾರ್ಕಿನ ಕೆಸರಿನಡಿ ಮುಳ್ಳು, ಮುರಕಲ್ಲಿನ ಚೂರು ಇರುತ್ತದೆ. ಬಾಟಲಿ ಒಡೆದು ಎಸೆದು ಹೋಗುವವರೂ ಇದ್ದಾರೆ, ನನಗೆ ಅವರ ಮೇಲೆ ಬಹಳ ಸಿಟ್ಟು. ಮೇಲಿನ ಉತ್ತರದಲ್ಲಿ ಇಲಿ ಜ್ವರದ ಬಗ್ಗೆ ಬರೆದದ್ದನ್ನೂ ಓದು. ಪಾರ್ಕಿನಲ್ಲಿ ಶೂ ಹಾಕಿಕೊಂಡೇ ಓಡು. ಬರಿಗಾಲಿನ ಆಸೆಗೆ ನಿಮ್ಮ ಊರಿನ ಹತ್ತಿರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) 'ಕೆಸರ್ಡ್ ಒಂಜಿ ದಿನ' (ಕೆಸರಿನಲ್ಲಿ ಒಂದು ದಿನ) ಮಾಡುತ್ತಾರಾ ವಿಚಾರಿಸು. ಉತ್ತ ಗದ್ದೆಯಲ್ಲಿ ಓಟ, ಹಗ್ಗಜಗ್ಗಾಟ ಎಲ್ಲ ಇರುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಶೂ ಒಣಗುವುದೇ ಇಲ್ಲ. ವಾಸನೆ ಬೇರೆ. ಬಚ್ಚಲಿನ ಒಲೆಯ ಹತ್ತಿರ ಇಡಬಹುದಾ?
— ಓದುಗರು, ಬಿಜೈ, ಮಂಗಳೂರು

ಉತ್ತರ: ಒಲೆಯ ಹತ್ತಿರ ಬೇಡ. ಬಿಸಿಗೆ ಅಂಟು ಬಿಟ್ಟು ಸೋಲ್ ಕಿತ್ತು ಬರುತ್ತದೆ. ಹಸಿ ಇರುವಾಗಲೇ ನಲ್ಲಿ ನೀರಲ್ಲಿ ಕೆಸರು ತೊಳೆದುಬಿಡಿ. ಕೆಂಪು ಮಣ್ಣು ಒಣಗಿದರೆ ಕಲೆ ಹೋಗುವುದಿಲ್ಲ. ಒಳಗಿನ ಇನ್‌ಸೋಲ್ ಹೊರಗೆ ತೆಗೆಯಿರಿ, ಲೇಸ್ ಪೂರ್ತಿ ಸಡಿಲ ಮಾಡಿ, ಹಳೆ ಪೇಪರ್ ಉಂಡೆ ಮಾಡಿ ತುಂಬಿಸಿ. ಗಂಟೆಯ ನಂತರ ಆ ಪೇಪರ್ ತೆಗೆದು ಬೇರೆ ತುಂಬಿಸಿ. ಎರಡನೇ ಸಲ ತುಂಬಿಸದೆ ಬಿಡುವುದರಿಂದಲೇ ವಾಸನೆ. ರಾತ್ರಿ ಫ್ಯಾನಿನ ಕೆಳಗೆ ಮಗುಚಿ ಇಡಿ. ದಿನಾ ಓಡುವವರಿಗೆ ಎರಡು ಜೋಡಿ ಬೇಕೇ ಬೇಕು. ಎರಡನೆಯದು ಹಳೆಯದಾದರೂ ಸಾಕು, ಆದರೆ ಅಡಿಯ ಹಲ್ಲು ಸವೆದಿರಬಾರದು. ಸವೆದದ್ದನ್ನು ಬೇಸಿಗೆಯ ನಡಿಗೆಗೆ ಎತ್ತಿಡಿ.